ಕ್ರಿಸ್‌ಮಸ್ ಕೋಳಿ ಯಾರ ಕೈಗೆ

"ಈ ಸಲ ಕ್ರಿಸ್‌ಮಸ್‌ಗೆ ಕೋಳಿ ಚಿಕ್ಕವಳು ಮಾಡ್ಲಿ," ಅಂದರು ಅತ್ತೆ.

ಡಿಸೆಂಬರಿನ ಮೊದಲ ಭಾನುವಾರ. ಚರ್ಚಿನಿಂದ ಬಂದು ಊಟ ಮುಗಿಸಿ ಎಲ್ಲರೂ ಇನ್ನೂ ಮೇಜಿನ ಸುತ್ತಲೇ ಕೂತಿದ್ದರು. ನಾನು ತಟ್ಟೆ ಎತ್ತುತ್ತಿದ್ದೆ. ಐದು ತಟ್ಟೆ ಕೈಯಲ್ಲಿತ್ತು. ಒಂದನ್ನೂ ಬೀಳಿಸದೆ ಅಡುಗೆಮನೆ ಸೇರಿದ್ದು ದೇವರ ದಯೆ.

ಚಿಕ್ಕವಳು ಅಂದರೆ ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಮದುವೆಯಾಗಿ ಬಂದು ಒಂದೂವರೆ ವರ್ಷ ಆಗಿದೆ ಅಷ್ಟೆ. ನಾನು ಬಂದು ಹದಿನಾಲ್ಕು. ಆ ಹದಿನಾಲ್ಕು ಕ್ರಿಸ್‌ಮಸ್‌ಗೂ ಎರಡೆರಡು ಕೋಳಿಯ ಹೊಟ್ಟೆಗೆ ಬ್ರೆಡ್ಡು, ಈರುಳ್ಳಿ, ಒಣದ್ರಾಕ್ಷಿ ತುಂಬಿ, ದಾರ ಹಾಕಿ ಹೊಲಿದು, ಓವನ್ನಿನ ಮುಂದೆ ಮುಖ ಬೇಯಿಸಿಕೊಂಡವಳು ನಾನು. ಹೊಲಿಗೆ ನನ್ನ ಕಸುಬು. ಶಾಲೆ ಮಕ್ಕಳ ಯೂನಿಫಾರ್ಮು ಹೊಲಿಯುತ್ತೇನೆ. ನಾನು ಹೊಲಿದ ಕೋಳಿಯಿಂದ ಒಂದು ದ್ರಾಕ್ಷಿ ಹೊರಗೆ ಬಿದ್ದದ್ದಿಲ್ಲ. ಅತ್ತೆ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಹೇಳೋರು, ನಾನು ಮಾಡೋಳು, ಹೆಸರು ಮಾತ್ರ ಅವರದು. ಇರಲಿ, ಅವರ ಮನೆ, ಅವರ ಓವನ್. ಆದರೆ ಈ ವರ್ಷ ಮಂಡಿನೋವು, ಜ್ವರ ಅಂತ ಅವರು ಅಡುಗೆಮನೆಯಿಂದ ಹಿಂದೆ ಸರಿದ ಮೇಲೆ ಆ ಕೋಳಿ ನನ್ನದೇ ಅಂದುಕೊಂಡುಬಿಟ್ಟಿದ್ದೆ. 'ಇದು ದೊಡ್ಡ ಸೊಸೆ ಮಾಡಿದ್ದು' ಅಂತ ಒಂದು ಸಲ, ಒಂದೇ ಒಂದು ಸಲ, ಆ ಮೇಜಿನಲ್ಲಿ ಯಾರಾದರೂ ಅನ್ನಬೇಕಿತ್ತು.

ನಮ್ಮವರು ನೀರು ಕುಡಿಯೋ ನೆಪ ಮಾಡಿಕೊಂಡು ಒಳಗೆ ಬಂದರು. ಲಿಫ್ಟ್ ರಿಪೇರಿ ಮಾಡೋ ಮನುಷ್ಯ. ಎಲ್ಲಿ ತಂತಿ ಬಿಸಿಯಾಗಿದೆ ಅಂತ ದೂರದಿಂದಲೇ ತಿಳಿಯುತ್ತೆ.

"ಒಂದು ಕೋಳಿ ತಾನೇ, ಬಿಡು," ಅಂದರು.

"ಎರಡು."

"ಸರಿ, ಎರಡು. ನಿನಗೂ ಸ್ವಲ್ಪ ರೆಸ್ಟ್ ಆಗುತ್ತಲ್ಲ."

"ರೆಸ್ಟ್ ಕೊಡಿ ಅಂತ ನಾನು ಯಾರ ಕಾಲು ಹಿಡಿದೆ?"

"ಅಮ್ಮ ಏನೋ ಯೋಚನೆ ಮಾಡಿ ಹೇಳಿರ್ತಾರೆ."

"ನಿಮ್ಮಮ್ಮ ಯೋಚನೆ ಮಾಡದೆ ಸೀನೋದೂ ಇಲ್ಲ. ಅದೇ ನನ್ನ ಸಂಕಟ."

ಅವರು ನೀರು ಕುಡಿಯದೆಯೇ ಹೊರಟುಹೋದರು.

ಈ ಮನೆಯ ಒಂದು ಕ್ರಮ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಲೆಗೆ ಹೋಗೋದಿಲ್ಲ. ಇಲ್ಲಿ ಅಡುಗೆ ಮಾಡುವವರು ರುಚಿ ನೋಡುವ ಹಾಗಿಲ್ಲ. ಮದುವೆಯಾಗಿ ಬಂದ ಮೂರನೇ ದಿನ ನಾನು ಸೌಟು ನೆಕ್ಕಿ ಸಿಕ್ಕಿಬಿದ್ದಿದ್ದೆ. "ನಮ್ಮನೆಲಿ ಸೌಟು ಹಿಡಿದೋರು ಬಾಯಿ ಹಾಕಲ್ಲಮ್ಮ, ರುಚಿ ನೋಡೋಕೆ ನಾನಿದ್ದೀನಿ," ಅಂದಿದ್ದರು ಅತ್ತೆ. ಅವತ್ತಿನಿಂದ ಏನು ಬೇಯಿಸಿದರೂ ಒಂದು ಚಮಚ ಎತ್ತಿ, ಊದಿ, ಅವರಿದ್ದಲ್ಲಿಗೆ ಒಯ್ಯುವುದು. ಅವರು ನಾಲಿಗೆಗೆ ತಾಗಿಸಿ ಕಣ್ಣು ಮುಚ್ಚಿ, "ಇನ್ನೊಂದು ಚಿಟಿಕೆ," ಅಂತಲೋ "ಸಾಕು, ಹದವಾಗಿದೆ," ಅಂತಲೋ ತೀರ್ಪು ಕೊಡೋರು. ಅವರು ಸ್ನಾನಕ್ಕೆ ಹೋಗಿದ್ದರೆ ಬಚ್ಚಲಿನ ಬಾಗಿಲಲ್ಲಿ ಚಮಚ ಹಿಡಿದು ಕಾದದ್ದೂ ಉಂಟು. ಕ್ರಿಸ್‌ಮಸ್ ಊಟದ ದಿನವಂತೂ ಮೊದಲ ತುತ್ತು ಅವರದೇ. ಅವರು ಹದವಾಗಿದೆ ಅನ್ನುವವರೆಗೆ ಮೇಜಿನಲ್ಲಿ ಯಾರೂ ಫೋರ್ಕ್ ಮುಟ್ಟೋದಿಲ್ಲ.

ಚಿಕ್ಕವಳಿಗೆ ಈ ತೀರ್ಪಿನ ಹಂಗಿಲ್ಲ. ಅವಳು ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾಳೆ. ಮುನ್ನೂರು ರೋಗಿಗಳಿಗೆ ಬೇಯಿಸೋದು, ಎಲ್ಲ ತೂಕದ ಮೇಲೆ. ಮನೆಗೂ ಒಂದು ಅಂಗೈಯಗಲದ ತೂಕದ ಯಂತ್ರ ತಂದಿಟ್ಟುಕೊಂಡು ಉಪ್ಪನ್ನೂ ಬೆಣ್ಣೆಯನ್ನೂ ತೂಗುತ್ತಾಳೆ. ಎರಡು ಹನಿ ಎಣ್ಣೆ ಹೆಚ್ಚಾದರೆ ಪಾತ್ರೆಯಿಂದ ವಾಪಸ್ ತೆಗೆಯುತ್ತಾಳೆ. ತಾನೂ ರುಚಿ ನೋಡೋದಿಲ್ಲ, ಇನ್ನೊಬ್ಬರಿಗೂ ತೋರಿಸೋದಿಲ್ಲ. ನಾನು ಅವಳಿಗೆ ತಕ್ಕಡಿ ಅಂತ ಹೆಸರಿಟ್ಟಿದ್ದೆ. ನಮ್ಮವರ ಮುಂದೆ ಬಿಟ್ಟರೆ ಬೇರೆಲ್ಲೂ ಅಂದಿರಲಿಲ್ಲ.

ಮಾರನೇ ವಾರದಿಂದ ಅವಳ ದರ್ಬಾರು ಶುರುವಾಯಿತು. ಫ್ರಿಜ್ಜಿನ ಮೇಲೆ ಒಂದು ಪಟ್ಟಿ ಅಂಟಿಸಿದಳು. ಇಪ್ಪತ್ತಮೂರಕ್ಕೆ ಕೋಳಿ ತರುವುದು, ಇಪ್ಪತ್ತನಾಲ್ಕಕ್ಕೆ ಉಪ್ಪು ಸವರುವುದು, ಇಪ್ಪತ್ತೈದರ ಬೆಳಗ್ಗೆ ಹತ್ತೂಕಾಲಿಗೆ ಓವನ್. ಹತ್ತೂಕಾಲಂತೆ. ನನ್ನ ಮಸಾಲೆ ಡಬ್ಬಿಗಳನ್ನು ಕೆಳಗಿನ ಶೆಲ್ಫಿಗೆ ಇಳಿಸಿ, ಆ ಜಾಗದಲ್ಲಿ ಕೇಕಿಗೆ ನೆನೆಹಾಕಿದ ಹಣ್ಣಿನ ಭರಣಿ ಇಟ್ಟಳು.

"ಅಕ್ಕ, ನಿಮಗೆ ತೊಂದರೆ ಇಲ್ಲ ತಾನೇ?" ಅಂತ ಬೇರೆ ಕೇಳಿದಳು.

"ನನಗೇನು ತೊಂದರೆ? ಬಗ್ಗಿ ತೆಗೆದುಕೊಂಡರೆ ಸೊಂಟಕ್ಕೆ ಒಳ್ಳೇದು."

ಅವಳಿಗೆ ಚುಚ್ಚುಮಾತು ಚುಚ್ಚೋದೇ ಇಲ್ಲ. "ಹೌದು, ಒಳ್ಳೇದು," ಅಂದುಬಿಟ್ಟಳು.

ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರು ಯಾಕೆ ಕೊಡಲಿ. ಅವಳು ಕೆಲಸದಿಂದ ಬಂದ ತಕ್ಷಣ ಅತ್ತೆಯ ಕೋಣೆಗೆ ಹೋಗುತ್ತಿದ್ದಳು. ಬಾಗಿಲು ಮುಚ್ಚಿಕೊಳ್ಳೋದು. ಒಳಗೆ ಗುಸುಗುಸು. ನಾನು ಹೊಲಿಗೆ ಯಂತ್ರ ನಿಲ್ಲಿಸಿ ಕಿವಿ ನಿಮಿರಿಸಿದರೆ ಅವರೂ ಮಾತು ನಿಲ್ಲಿಸುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ಅತ್ತೆ ನನ್ನ ಜೊತೆ ಬಾಗಿಲು ಮುಚ್ಚಿಕೊಂಡು ಒಂದು ಮಾತು ಆಡಿಲ್ಲ. ಆಡಿದ್ದೆಲ್ಲ ಊರಿಗೇ ಕೇಳಿಸೋ ಹಾಗೆ.

ನನ್ನ ಮಗಳು ಪುಟ್ಟಿಗೂ ಅವಳದೇ ಜಪ. ಹನ್ನೆರಡು ವರ್ಷ, ಚರ್ಚಿನ ಹಾಡಿನ ಗುಂಪಿನಲ್ಲಿದ್ದಾಳೆ. "ಚಿಕ್ಕಮ್ಮನ ಕೇಕಲ್ಲಿ ಎಲ್ಲ ಕಡೆ ಒಂದೇ ಸಮ ಹಣ್ಣು ಇರುತ್ತಂತೆ, ಅಮ್ಮ. ನಿನ್ನದರಲ್ಲಿ ಎಲ್ಲ ತಳದಲ್ಲಿ ಕೂತಿರುತ್ತೆ."

"ತಳದಲ್ಲಿ ಕೂತರೂ ಹಣ್ಣು ಹಣ್ಣೇ. ಹೋಗಿ ಓದ್ಕೋ."

ಆ ವಾರವೇ ಇನ್ನೊಂದು ನಡೆಯಿತು. ಹಾಲು ಒಲೆಯ ಮೇಲಿಟ್ಟು, "ಅತ್ತೆ, ಸ್ವಲ್ಪ ನೋಡ್ಕೊಳ್ಳಿ," ಅಂತ ಹೇಳಿ ಬಟ್ಟೆ ಒಣಹಾಕಲು ಹೋಗಿದ್ದೆ. ವಾಪಸ್ ಬಂದರೆ ಪಾತ್ರೆಯ ತಳ ಕರಕಲಾಗಿ ಮನೆಯೆಲ್ಲ ಸೀದ ವಾಸನೆ. ಅತ್ತೆ ಎರಡು ಮಾರು ದೂರದಲ್ಲಿ ಒಲೆಗೆ ಬೆನ್ನು ಹಾಕಿ ಆರಾಮಾಗಿ ಬಟಾಣಿ ಸುಲಿಯುತ್ತ ಕೂತಿದ್ದಾರೆ.

"ವಾಸನೆ ಬರಲಿಲ್ವಾ, ಅತ್ತೆ?"

"ಒಲೆ ಮೇಲೆ ಇಟ್ಟೋರು ನೋಡ್ಕೋಬೇಕು," ಅಂದರು, ತಲೆ ಎತ್ತದೆ.

ಸಂಜೆ ಮಾವ ಚಹಾ ಕುಡಿದು ಮುಖ ಸಿಂಡರಿಸಿದಾಗ, "ದೊಡ್ಡವಳಿಗೆ ಈಚೆಗೆ ಗಮನವೇ ಇಲ್ಲ," ಅಂತ ಅತ್ತೆ ಹೇಳಿದ್ದು ನನ್ನ ಕಿವಿಗೇ ಬಿತ್ತು. ಬೇಕೆಂದೇ ಮಾಡಿದ್ದಾರೆ, ನನ್ನನ್ನು ಕೆಲಸಕ್ಕೆ ಬಾರದವಳು ಅಂತ ತೋರಿಸೋಕೆ, ಅಂದುಕೊಂಡೆ.

ಮೂರನೇ ಭಾನುವಾರ ತಕ್ಕಡಿಗೆ ಬೆಳಗಿನ ಪಾಳಿ. ಒಳ್ಳೆ ಸಮಯ ಅಂತ ನಾನು ಕೋಳಿ ಸೂಪ್ ಮಾಡಿದೆ. ಮೂಳೆಯನ್ನು ಮೂರು ಗಂಟೆ ಕುದಿಸಿ, ಕ್ಯಾರೆಟ್ಟು ಹೆಚ್ಚಿಹಾಕಿ, ಇದನ್ನು ಕುಡಿದ ಮೇಲಾದರೂ ಮನಸ್ಸು ಬದಲಾಯಿಸಲಿ ಅಂತ. ಉಪ್ಪು ಹಾಕುವ ಹೊತ್ತಿಗೆ ಸರಿಯಾಗಿ ಪುಟ್ಟಿ ಬಂದು, ಹೊಸ ಲಂಗ ಚಿಕ್ಕಮ್ಮನ ಜೊತೆ ಹೋಗಿ ತರುತ್ತೇನೆ ಅಂದಳು. ನಾನೇ ಹೊಲಿಯೋಳು ಮನೆಯಲ್ಲಿರುವಾಗ ಅಂಗಡಿ ಲಂಗವೇ ಅಂತ ಅವಳ ಮೇಲೆ ಹಾರಾಡಿದೆ. ಆ ಗಲಾಟೆಯಲ್ಲಿ ಉಪ್ಪು ಹಾಕಿದೆನೋ ಇಲ್ಲವೋ ತಿಳಿಯಲಿಲ್ಲ. ಇನ್ನೊಂದು ಸಲ ಹಾಕಿ, ಹೇಗೂ ಅತ್ತೆ ಹೇಳುತ್ತಾರಲ್ಲ ಅಂತ ಚಮಚ ಒಯ್ದೆ.

ಅತ್ತೆ ನಾಲಿಗೆಗೆ ತಾಗಿಸಿದರು, ಕಣ್ಣು ಮುಚ್ಚಿದರು. "ಸಾಕು. ಹದವಾಗಿದೆ."

ಮೇಜಿನಲ್ಲಿ ಮೊದಲು ಮಾವ ಕೆಮ್ಮಿದರು. "ಇದೇನಮ್ಮ, ಸಮುದ್ರವನ್ನೇ ಬಸಿದು ತಂದಿದ್ದೀಯ." ಮೈದುನ ಒಂದು ಚಮಚ ಕುಡಿದು ಬಟ್ಟಲು ದೂರ ತಳ್ಳಿದ. ಪುಟ್ಟಿ ನೀರಿಗೆ ಓಡಿದಳು. ನಾನೂ ಬಾಯಿಗಿಟ್ಟೆ. ಬಾಯಿ ಸುಟ್ಟುಹೋಯಿತು. ಅತ್ತೆ ಮಾತ್ರ ನಾಲ್ಕನೇ ಚಮಚದಲ್ಲಿದ್ದರು. ಎಲ್ಲರ ಬಟ್ಟಲು ನೋಡಿದರು, ತಮ್ಮ ಚಮಚ ಕೆಳಗಿಟ್ಟರು.

"ನಾನು ಹೇಳಿದ್ದೆ, ಉಪ್ಪು ಜಾಸ್ತಿ ಆಯ್ತು ಅಂತ. ಇವಳು ಕೇಳಬೇಕಲ್ಲ."

"ಅತ್ತೆ, ನೀವು ಹದವಾಗಿದೆ ಅಂದ್ರಿ."

"ನಾನು ಯಾಕೆ ಹಾಗಂತೀನಿ? ಐವತ್ತು ವರ್ಷದಿಂದ ಉಪ್ಪು ನೋಡಿದೋಳು."

"ಹೋಗಲಿ ಬಿಡೇ," ಅಂದರು ನಮ್ಮವರು, ನನಗೆ. ಅವರಮ್ಮನಿಗಲ್ಲ.

ಅವತ್ತಿನಿಂದ ನಾನು ಅತ್ತೆಯ ಜೊತೆ ಹೂಂ, ಉಹೂಂ ಬಿಟ್ಟು ಮಾತಾಡಲಿಲ್ಲ. ತಕ್ಕಡಿಗೆ ದಾರಿ ಸಾಫು ಮಾಡೋಕೆ ನನ್ನನ್ನು ಗುಂಡಿಗೆ ತಳ್ಳಿದ್ದಾರೆ ಅಂತ ನನಗೆ ಖಾತ್ರಿಯಾಗಿತ್ತು. ತಳ್ಳಿಸಿಕೊಂಡು ಸುಮ್ಮನಿರೋಕೆ ನಾನೇನು ಹಸುಗೂಸಲ್ಲ.

ಇಪ್ಪತ್ತನಾಲ್ಕರ ಸಂಜೆ ತಕ್ಕಡಿ ಎರಡು ಕೋಳಿಯನ್ನೂ ತೂಗಿ, ಉಪ್ಪು ತೂಗಿ, ಮೈಗೆಲ್ಲ ಸವರಿ ಫ್ರಿಜ್ಜಿನಲ್ಲಿಟ್ಟಳು. ಎಲ್ಲರೂ ಹಾಲ್‌ನಲ್ಲಿ ಬಣ್ಣದ ಕಾಗದ ಕಟ್ಟುತ್ತಿದ್ದರು. ತಕ್ಕಡಿ ಕುರ್ಚಿಯ ಮೇಲೆ ನಿಂತಿದ್ದಳು, ಅತ್ತೆ ಕೆಳಗಿನಿಂದ, "ಎಡಕ್ಕೆ, ಇನ್ನೂ ಎಡಕ್ಕೆ," ಅಂತ ನಗುತ್ತಿದ್ದರು. ಆ ನಗು ಕೇಳಿ ನಾನು ಫ್ರಿಜ್ ತೆಗೆದೆ. ಉಪ್ಪಿನ ಡಬ್ಬಿಗೆ ಕೈ ಹಾಕಿ ಒಂದೊಂದು ಕೋಳಿಗೆ ಒಂದೊಂದು ಹಿಡಿ, ಚರ್ಮದ ಕೆಳಗೂ ಸೇರಿಸಿ, ತಿಕ್ಕಿ ಮುಚ್ಚಿಟ್ಟೆ. ಅವಳು ರುಚಿ ನೋಡೋಳಲ್ಲ. ನಾಳೆ ಊಟಕ್ಕೆ ಬರೋ ನಾದಿನಿ, ಅವಳ ಗಂಡ, ಮಕ್ಕಳು ಎಲ್ಲರ ಮುಂದೆ ತಿಳಿಯಲಿ ತಕ್ಕಡಿಯ ಕೈರುಚಿ ಅಂತ. ಕೈ ತೊಳೆದುಕೊಂಡು ಹೋಗಿ ನಾನೂ ಒಂದು ಕಾಗದದ ನಕ್ಷತ್ರ ಅಂಟಿಸಿದೆ.

ಕ್ರಿಸ್‌ಮಸ್ ಬೆಳಗ್ಗೆ ಎಲ್ಲರೂ ಚರ್ಚಿಗೆ ಹೋದರು. ಮಂಡಿ ಹಿಡಿದುಕೊಂಡಿದೆ ಅಂತ ಅತ್ತೆ ಉಳಿದರು, ಆಲೂಗಡ್ಡೆ ಸುಲಿಯೋಕೆ ನಾನು ಉಳಿದೆ. ಒಂಬತ್ತು ಗಂಟೆ ಇರಬೇಕು. ಅತ್ತೆ ಮೇಜಿನ ಹತ್ತಿರ ಬಂದು ಮಂಡಿಯ ಮಾತ್ರೆ ಬಾಯಿಗೆ ಹಾಕಿಕೊಂಡು, ಅಲ್ಲಿದ್ದ ಲೋಟ ಎತ್ತಿ ಗಟಗಟ ಕುಡಿದರು. ಪೂರ್ತಿ ಖಾಲಿ ಮಾಡಿ ಸೆರಗಿನಿಂದ ಬಾಯಿ ಒರೆಸಿಕೊಂಡರು.

ಆ ಲೋಟದಲ್ಲಿದ್ದದ್ದು ಪುಟ್ಟಿಯ ಉಪ್ಪುನೀರು. ಹಾಡೋಕೆ ಗಂಟಲು ಸರಿಯಾಗಲಿ ಅಂತ ಬಾಯಿ ಮುಕ್ಕಳಿಸಲು ನಾನೇ ಎರಡು ಚಮಚ ಉಪ್ಪು ಕದಡಿ ಕೊಟ್ಟಿದ್ದೆ. ಅರ್ಧ ಬಿಟ್ಟು ಓಡಿದ್ದಳು.

ನಾನು ಆಲೂಗಡ್ಡೆ ಕೆಳಗಿಟ್ಟೆ. "ಅತ್ತೆ, ನೀರು ಹೇಗಿತ್ತು?"

"ನೀರು ಹೇಗಿರುತ್ತೆ? ನೀರಿನ ಹಾಗಿತ್ತು."

"ಅದು ಪುಟ್ಟಿಯ ಉಪ್ಪುನೀರು."

ಅತ್ತೆ ಲೋಟದ ತಳ ನೋಡಿದರು. ತಳದಲ್ಲಿ ಕರಗದ ಉಪ್ಪು ಬೆಳ್ಳಗೆ ಕೂತಿತ್ತು. ಅವರು ಕುರ್ಚಿ ಎಳೆದುಕೊಂಡು ನಿಧಾನವಾಗಿ ಕೂತರು.

"ಯಾವಾಗಿಂದ?" ಅಂದೆ.

"ಆ ಜ್ವರ ಬಿಟ್ಟಾಗಿಂದ. ರುಚಿನೂ ಇಲ್ಲ, ವಾಸನೆನೂ ಇಲ್ಲ. ಬಾಯಿಗೆ ಏನಿಟ್ಟರೂ ಒದ್ದೆ ಕಾಗದ ಅಗಿದ ಹಾಗೆ. ಡಾಕ್ಟರು, ಬಂದರೂ ಬರಬಹುದು, ಬರದೆಯೂ ಇರಬಹುದು ಅಂದ."

ಸೂಪು, ಸೀದ ಹಾಲು, ಎಲ್ಲ ಒಂದೇ ಸಲ ನನಗೆ ಅರ್ಥವಾಯಿತು. ಅಯ್ಯೋ ಪಾಪ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಪಾಪ ಬಾಯಿಗೆ ಬರುವ ಮೊದಲು ಇನ್ನೊಂದು ಬಂತು.

"ಡಾಕ್ಟರ ಹತ್ರ ಯಾರು ಕರ್ಕೊಂಡು ಹೋದರು?"

ಅತ್ತೆ ಲೋಟವನ್ನು ಪಕ್ಕಕ್ಕೆ ಸರಿಸಿದರು.

"ಚಿಕ್ಕವಳಾ?"

"ಅವಳ ಆಸ್ಪತ್ರೆಲೇ ತೋರಿಸಿದಳು."

"ಅಂದ್ರೆ ಅವಳಿಗೆ ಗೊತ್ತು. ಹದಿನಾಲ್ಕು ವರ್ಷ ನಿಮ್ಮ ಬಾಯಿಗೆ ಚಮಚ ಹಿಡಿದೋಳು ನಾನು. ನಿಮ್ಮ ನಾಲಿಗೆ ಸುದ್ದಿ ಅವಳಿಗೆ ಗೊತ್ತು, ನನಗೆ ಗೊತ್ತಿಲ್ಲ."

"ಅವಳಿಗೆ ಗೊತ್ತಾದ್ರೆ ನನಗೇನೂ ನಷ್ಟ ಇಲ್ಲಮ್ಮ," ಅಂದರು ಅತ್ತೆ. "ಅವಳು ಯಾವತ್ತೂ ನನ್ನ ಕೇಳಿ ಉಪ್ಪು ಹಾಕಿದೋಳಲ್ಲ. ನೀನು ಕೇಳ್ತೀಯ. ನಿನಗೆ ಗೊತ್ತಾದ್ರೆ ಕೇಳೋದು ನಿಲ್ಲಿಸ್ತೀಯ. ಆಮೇಲೆ ಈ ಮನೆಲಿ ನನ್ನನ್ನ ಯಾರು ಏನು ಕೇಳ್ತಾರೆ?"

"ಅದಕ್ಕೆ ಕೋಳಿನ ಅವಳಿಗೆ ಕೊಟ್ರಾ?"

"ನಿನಗೆ ಕೊಟ್ಟಿದ್ರೆ ಗ್ರೇವಿ ಹಿಡ್ಕೊಂಡು ಹತ್ತು ಸಲ ಬರ್ತಿದ್ದೆ. ನಾನು ಏನು ಹೇಳಬೇಕಿತ್ತು? ಆ ಸೂಪಿನ ದಿನ ಭಯ ಆಯ್ತು. ಬಾಯಿಗೆ ಬಂದಿದ್ದು ಹೇಳಿಬಿಟ್ಟೆ. ತಪ್ಪಾಯ್ತು."

ಈ ಮನೆಗೆ ಬಂದ ಮೇಲೆ ಅತ್ತೆಯ ಬಾಯಲ್ಲಿ ತಪ್ಪಾಯ್ತು ಅನ್ನೋದನ್ನ ನಾನು ಕೇಳಿದ್ದು ಅದೇ ಮೊದಲು. ಮತ್ತೆ ಆಲೂಗಡ್ಡೆ ಕೈಗೆತ್ತಿಕೊಂಡೆ. ಎರಡು ಸುಲಿಯುವಷ್ಟರಲ್ಲಿ ಕೋಳಿ ನೆನಪಾಯಿತು. ಮಧ್ಯಾಹ್ನ ಎಲ್ಲರೂ ಕಾಯುತ್ತಿರುವಾಗ ಅತ್ತೆ ಮೊದಲ ತುತ್ತು ತಿಂದು, ಕಣ್ಣು ಮುಚ್ಚಿ, ಹದವಾಗಿದೆ ಅನ್ನುತ್ತಾರೆ. ಆಮೇಲೆ ಎಲ್ಲರೂ ಬಾಯಿಗಿಡುತ್ತಾರೆ. ನಾದಿನಿಯ ನಾಲಿಗೆ ಗೊತ್ತಲ್ಲ, ಸಂಜೆಯೊಳಗೆ ನೆಂಟರಿಗೆಲ್ಲ ಫೋನು ಹೋಗುತ್ತೆ, ಅಮ್ಮನಿಗೆ ರುಚಿ ಹೋಗಿದೆಯೋ ಬುದ್ಧಿಯೇ ಹೋಗಿದೆಯೋ ಅಂತ.

ನಾನು ಕೋಳಿಗಳನ್ನು ತೆಗೆದು ನಲ್ಲಿಯ ಕೆಳಗೆ ಹಿಡಿದೆ. ತಿಕ್ಕಿ ತಿಕ್ಕಿ ತೊಳೆದು ದೊಡ್ಡ ಬೇಸನ್ನಿನ ನೀರಿಗೆ ಇಳಿಸುವ ಹೊತ್ತಿಗೆ ಹಿಂದಿನ ಬಾಗಿಲು ತೆರೆಯಿತು. ತಕ್ಕಡಿ. ಹತ್ತೂಕಾಲಿನ ಓವನ್ನಿಗೆ ಅಂತ ಚರ್ಚಿನಿಂದ ಮುಂಚೆಯೇ ಎದ್ದು ಬಂದಿದ್ದಳು.

ಅವಳು ಬೇಸನ್ ನೋಡಿದಳು, ನನ್ನ ಮುಖ ನೋಡಿದಳು.

"ನಿನ್ನೆ ನಾನು ಉಪ್ಪು ಹಾಕಿದೆ. ನೀನು ಹಾಕಿದ ಮೇಲೆ," ಅಂದೆ.

"ಎಷ್ಟು?"

"ಹಿಡಿ ಹಿಡಿ."

"ನಿಮ್ಮ ಹಿಡಿ ಎಷ್ಟು ಗ್ರಾಂ?"

"ನನಗೇನು ಗೊತ್ತು?"

ಅವಳು ತೂಕದ ಯಂತ್ರ ಹಚ್ಚಿ ಉಪ್ಪಿನ ಡಬ್ಬಿ ನನ್ನ ಮುಂದೆ ಹಿಡಿದಳು. ನಾನು ಹಿಡಿ ತುಂಬ ತೆಗೆದು ಹಾಕಿದೆ. "ಐವತ್ತೆಂಟು," ಅಂದಳು. ಅದನ್ನು ತನ್ನ ಚೀಟಿಯಲ್ಲಿ ಬರೆದುಕೊಂಡಳು. ಬೈದಿದ್ದರೆ ನಾನೂ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ. ಬೈಯಲಿಲ್ಲ.

"ಒಂದು ಗಂಟೆ ನೀರಲ್ಲಿರಲಿ, ಎರಡು ಸಲ ನೀರು ಬದಲಾಯಿಸೋಣ. ಒಳಗೆ ತುಂಬೋ ಬ್ರೆಡ್ಡಿಗೂ ಗ್ರೇವಿಗೂ ಉಪ್ಪು ಬೇಡ. ಊಟ ಒಂದು ಗಂಟೆ ತಡವಾಗುತ್ತೆ, ಅಷ್ಟೆ."

"ಯಾಕೆ ಹಾಕಿದೆ ಅಂತ ಕೇಳಲ್ವಾ?"

"ಕೇಳಬೇಕಾ, ಅಕ್ಕ? ಅತ್ತೆ ದಿನಕ್ಕೆ ಹತ್ತು ಸಲ ನಿಮ್ಮನ್ನ ಕೂಗ್ತಾರೆ. ದೊಡ್ಡವಳೇ, ದೊಡ್ಡವಳೇ. ಬಂದು ಒಂದೂವರೆ ವರ್ಷ ಆಯ್ತು, ನನ್ನನ್ನ ಕೂಗಿದ್ದು ಈ ಕಾಯಿಲೆ ಬಂದ ಮೇಲೇ. ನನಗೂ ನಿಮ್ಮ ಮಸಾಲೆ ಡಬ್ಬಿ ಇಳಿಸುವಾಗ ಖುಷಿನೇ ಆಗಿತ್ತು."

ಚುಚ್ಚುಮಾತು ಚುಚ್ಚುತ್ತಿತ್ತು ಅನ್ನಿ ಅವಳಿಗೂ.

ಒಂದು ಗಂಟೆಯಾದ ಮೇಲೆ ಕತ್ತಿನ ಹತ್ತಿರದ ಒಂದು ಚೂರು ಕೊಯ್ದು ಬಾಣಲೆಯಲ್ಲಿ ಬೇಯಿಸಿದಳು. "ಇನ್ನು ತೂಕ ಕೆಲಸಕ್ಕೆ ಬರಲ್ಲ. ಯಾರಾದರೂ ತಿಂದೇ ನೋಡಬೇಕು. ನನಗೆ ಆಸ್ಪತ್ರೆಯ ಸಪ್ಪೆ ತಿಂದು ತಿಂದು ಎಲ್ಲವೂ ಉಪ್ಪಾಗೇ ಕಾಣುತ್ತೆ."

ಅತ್ತೆ ಮೇಜಿನ ಹತ್ತಿರ ಕೂತೇ ಇದ್ದರು. ನಾನು ಅವರ ಮುಖ ನೋಡಿದೆ. ಅವರು ಕಿಟಕಿಯ ಕಡೆ ತಿರುಗಿಕೊಂಡರು. ನಾನು ಆ ಚೂರನ್ನು ಬಾಯಿಗೆ ಹಾಕಿಕೊಂಡೆ. ಅಡುಗೆಮನೆಯಲ್ಲಿ ನಿಂತು ತಿಂದದ್ದಕ್ಕೆ ಕಳ್ಳತನ ಮಾಡಿದ ಹಾಗೆ ಕಿವಿ ಬಿಸಿಯಾಯಿತು.

"ಇನ್ನೊಂದು ಸಲ ನೀರು ಬದಲಾಯಿಸು," ಅಂದೆ. ಆಮೇಲೆ ಬ್ರೆಡ್ಡು ತುಂಬಿ, ಹೊಟ್ಟೆ ಮುಚ್ಚೋಕೆ ಅವಳು ಕಡ್ಡಿ ಚುಚ್ಚಲು ಹೋದಾಗ, ಸೂಜಿ ದಾರ ತಂದು ನಾನೇ ಹೊಲಿದೆ.

ಎರಡು ಗಂಟೆಗೆ ಹನ್ನೊಂದು ಜನ ಮೇಜಿಗೆ ಕೂತೆವು. ಕೋಳಿಯ ಚರ್ಮ ಕೆಂಪಗೆ ಹೊಳೆಯುತ್ತಿತ್ತು. ಮಾವ ಪ್ರಾರ್ಥನೆ ಹೇಳಿ ಮುಗಿಸಿ ಕೋಳಿ ಕತ್ತರಿಸಿದರು.

"ಅಮ್ಮ, ಬೇಗ ಹೇಳು, ಹೊಟ್ಟೆ ಹಸೀತಿದೆ," ಅಂದಳು ನಾದಿನಿ.

ಅತ್ತೆ ಒಂದು ಚೂರು ಬಾಯಿಗಿಟ್ಟು ಅಗಿದರು. ಈ ಸಲ ಕಣ್ಣು ಮುಚ್ಚಲಿಲ್ಲ, ನನ್ನ ಕಡೆ ನೋಡಿದರು. ನಾನು ಆಗಲೇ ಅಡುಗೆಮನೆಯಲ್ಲಿ ತಿಂದು ನೋಡಿದ್ದೆ. ಇಷ್ಟೇ ಇಷ್ಟು ತಲೆಯಾಡಿಸಿದೆ.

"ಹದವಾಗಿದೆ," ಅಂದರು.

ಎಲ್ಲರ ಫೋರ್ಕೂ ಒಟ್ಟಿಗೆ ಸದ್ದು ಮಾಡಿದವು. ನಾದಿನಿ ಎರಡು ತುತ್ತು ನುಂಗಿ, "ಯಾರು ಮಾಡಿದ್ದು? ಎಷ್ಟು ಮೆತ್ತಗಿದೆ," ಅಂದಳು.

"ನಿನ್ನ ಚಿಕ್ಕ ಅತ್ತಿಗೆ," ಅಂದರು ಮಾವ.

ತಕ್ಕಡಿ, "ಇಲ್ಲ, ಅಕ್ಕನೂ..." ಅಂತ ಶುರು ಮಾಡಿದಳು. ಅಷ್ಟರಲ್ಲಿ ನಾದಿನಿಯ ಗಂಡ ಅವಳ ಕೈಗುಣ ಹೊಗಳೋಕೆ ಹಿಡಿದ, ಪುಟ್ಟಿ ಚಿಕ್ಕಮ್ಮ ಚಿಕ್ಕಮ್ಮ ಅಂತ ಕುಣಿದಳು. ದೊಡ್ಡ ಸೊಸೆ ಮಾಡಿದ್ದು ಅಂತ ಯಾರೂ ಅನ್ನಲಿಲ್ಲ. ಮಾಂಸ ಮೆತ್ತಗಾದದ್ದು ರಾತ್ರಿಯಿಡೀ ನನ್ನ ಎರಡು ಹಿಡಿ ಉಪ್ಪಿನಲ್ಲಿ ನೆನೆದದ್ದಕ್ಕೆ ಅಂತ ಹೇಳೋ ಹಾಗೂ ಇರಲಿಲ್ಲ.

ಆಗ ಪಕ್ಕದಲ್ಲಿ ಕೂತಿದ್ದ ಅತ್ತೆ ನನ್ನ ಕಿವಿಯ ಹತ್ತಿರ ಬಾಗಿದರು.

"ಹೇಗಿದೆ ಹೇಳು," ಅಂದರು, ನನಗೆ ಮಾತ್ರ ಕೇಳಿಸುವಷ್ಟು.

"ಚರ್ಮ ಹಪ್ಪಳದ ಹಾಗಾಗಿದೆ," ಅಂದೆ, ನಾನೂ ಮೆಲ್ಲಗೆ. "ಒಳಗಿನ ಮಾಂಸದಲ್ಲಿ ಸ್ವಲ್ಪ ಉಪ್ಪು ಮುಂದಿದೆ. ಆದರೆ ದ್ರಾಕ್ಷಿ ಸಿಕ್ಕಿದಾಗ ಸರಿಹೋಗುತ್ತೆ."

ಅತ್ತೆ ಅಗಿಯುತ್ತ ಕಣ್ಣು ಮುಚ್ಚಿದರು. "ದ್ರಾಕ್ಷಿ ಹುಳಿಯಾ?"

"ಮೊದಲು ಸಿಹಿ. ಹಲ್ಲಿಗೆ ಸಿಕ್ಕ ಮೇಲೆ ಹುಳಿ."

"ಆಮೇಲೆ?"

ಎದುರಿಗೆ ಕೂತಿದ್ದ ತಕ್ಕಡಿ, ಸುತ್ತಲಿನ ಹೊಗಳಿಕೆಯನ್ನೆಲ್ಲ ಬಿಟ್ಟು ನಮ್ಮಿಬ್ಬರನ್ನೇ ನೋಡುತ್ತಿದ್ದಳು. ಅವಳ ಫೋರ್ಕು ತಟ್ಟೆಯ ಮೇಲೆ ಹಾಗೇ ನಿಂತಿತ್ತು. ಅವಳ ಮುಖದಲ್ಲಿದ್ದದ್ದು ಏನು ಅಂತ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೂರು ವಾರ ಅದು ನನ್ನ ಮುಖದಲ್ಲಿತ್ತು.

ನಾನು ಕುರ್ಚಿಯನ್ನು ಅತ್ತೆಯ ಕಡೆಗೆ ಇನ್ನೊಂದಿಷ್ಟು ಎಳೆದುಕೊಂಡು, ಆಲೂಗಡ್ಡೆಯ ವಿಷಯ ಶುರು ಮಾಡಿದೆ.